ನೆಲನೆಲ್ಲಿಯ ಮೇಲೆ ಹೊರಿಸಿದ ಹೊರೆ



ಈ ವರ್ಷದ ಜಾತ್ರೆಯಲ್ಲಿ ರಥೋತ್ಸವ ಮುಗಿದು ಜನರು ದಾಸೋಹ ಮಂದಿರದತ್ತ ಸಾಗುತ್ತಿದ್ದಾಗ ಒಬ್ಬ ತರುಣನು ದಾರಿಯಲ್ಲಿ ನಿಂತು ಬಂದವರ ಕೈಗೆಲ್ಲ ಒಂದೊಂದು ಕರಪತ್ರವನ್ನು ಕೊಡುತ್ತಿದ್ದನು. ನನಗೂ ಒಂದು ದೊರೆಯಿತು. ಮೇಲ್ಭಾಗದಲ್ಲಿ ಲಿಂಗಮುದ್ರೆ, ಕೆಳಭಾಗದಲ್ಲಿ ಲೋಕಕಲ್ಯಾಣಾರ್ಥ ಎಂಬ ಒಕ್ಕಣೆ. ನಡುವೆ ಇದ್ದ ಸಂಗತಿ ಇಷ್ಟು: ನೆಲನೆಲ್ಲಿಯೊಂದಿದ್ದರೆ ಕಾಮಾಲೆಯ ಯಾವ ಬಗೆಗೂ ಬೇರೆ ಮದ್ದು ಬೇಕಿಲ್ಲ, ಅದರ ರಸವು ಯಕೃತ್ತಿನಲ್ಲಿ ಅಡಗಿದ ವೈರಾಣುವನ್ನು ಬೇರುಸಹಿತ ನಾಶಮಾಡುವುದೆಂದು ಅಮೆರಿಕದ ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿಯೇ ಒಪ್ಪಿರುವನು, ಒಪ್ಪಿ ಪೇಟೆಂಟನ್ನೂ ಪಡೆದಿರುವನು, ಹೀಗಿರುವಾಗ ರಕ್ತಪರೀಕ್ಷೆ, ಲಸಿಕೆ, ವರ್ಷಗಟ್ಟಲೆ ನುಂಗುವ ಗುಳಿಗೆ ಇವೆಲ್ಲವೂ ವ್ಯಾಪಾರಿಗಳ ಹೂಟ.

ಇದು ಅಪ್ಪಟ ಸುಳ್ಳಾಗಿದ್ದರೆ ನಾನು ಲೇಖನಿ ಹಿಡಿಯುವ ಅಗತ್ಯವೇ ಬೀಳುತ್ತಿರಲಿಲ್ಲ. ಇದರಲ್ಲಿ ಅರ್ಧ ನಿಜವಿದೆ. ಆ ಅರ್ಧ ನಿಜವೇ ರೋಗಿಗಳನ್ನು ಆಸ್ಪತ್ರೆಯ ಬಾಗಿಲಿನಿಂದ ಹಿಂದಕ್ಕೆ ತಿರುಗಿಸುತ್ತಿದೆ; ಅದೂ ಶ್ರೀಮಠದ ನೆರಳಿನಲ್ಲಿ, ಭಕ್ತರ ಹಣೆಯ ವಿಭೂತಿಯನ್ನು ಸಾಕ್ಷಿಯಾಗಿಟ್ಟುಕೊಂಡು. ಆದುದರಿಂದ ವಾಚಕರು ತುಸು ತಾಳ್ಮೆಯಿಂದ ಈ ಮಾತುಗಳನ್ನು ಕೇಳಬೇಕೆಂದು ಬೇಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸೊಪ್ಪಿನ ಶತ್ರುವಲ್ಲ. ಪ್ರಸಾದ ನಿಲಯದಲ್ಲಿ ಓದುತ್ತಿದ್ದ ಕಾಲಕ್ಕೆ ನನಗೂ ಕಾಮಾಲೆಯಾಗಿತ್ತು. ಕಣ್ಣು ಅರಿಸಿನದಂತಾಗಿ, ಅನ್ನದ ವಾಸನೆ ಬಂದರೆ ವಾಕರಿಕೆ ಬರುತ್ತಿದ್ದ ದಿನಗಳು ಅವು. ಊರಿಗೆ ಹೋದೆ. ನಮ್ಮ ಅಜ್ಜಿ ಹಿತ್ತಲಿನಿಂದ ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು ತಂದು, ತೊಳೆದು, ಅರೆದು, ಆಡಿನ ಹಾಲಿನಲ್ಲಿ ಕದಡಿ ಬರಿಹೊಟ್ಟೆಯಲ್ಲಿ ಕುಡಿಸಿದಳು. ಉಪ್ಪಿಲ್ಲದ ಮಜ್ಜಿಗೆ ಅನ್ನ ಪಥ್ಯ. ಮೂರು ವಾರಗಳಲ್ಲಿ ಎದ್ದು ಓಡಾಡಿದೆ. ನಿಮ್ಮಲ್ಲಿ ನೂರಾರು ಮಂದಿಗೆ ಇದೇ ಅನುಭವವಾಗಿರಬೇಕು. ಆ ಅಜ್ಜಿಯ ಕೈಯನ್ನು ಇಂದಿಗೂ ನಾನು ನೆನೆಯುತ್ತೇನೆ. ಆದರೆ ನಾನು ಗುಣಹೊಂದಿದ್ದು ಯಾವುದರಿಂದ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲು ನನಗೆ ಬಹಳ ವರ್ಷಗಳು ಹಿಡಿದವು.

ದೆಹಲಿಯಲ್ಲಿ 1955ರ ಡಿಸೆಂಬರಿನಿಂದ 1956ರ ಜನವರಿಯವರೆಗೆ ನಡೆದುದನ್ನು ಇಲ್ಲಿ ನೆನೆಯಬೇಕು. ಯಮುನೆಯ ಪ್ರವಾಹ ಇಳಿದ ಮೇಲೆ ನದಿಯ ಪಾತ್ರ ಸರಿದು, ನಜಫ್‌ಗಢ ನಾಲೆಯ ಕೊಳಚೆಯು ವಜೀರಾಬಾದಿನಲ್ಲಿ ಕುಡಿಯುವ ನೀರನ್ನು ಎತ್ತಿಕೊಳ್ಳುವ ಸ್ಥಳಕ್ಕೇ ನುಗ್ಗಿತು. ಕೆಲವೇ ವಾರಗಳಲ್ಲಿ ಸುಮಾರು 29 ಸಾವಿರ ಜನರಿಗೆ ಕಾಮಾಲೆಯಾಯಿತು. ಆಗ ಆ ರೋಗದ ವೈರಾಣುವಿಗೆ ಹೆಸರೂ ಇರಲಿಲ್ಲ. ಅದು ಇಂದು ನಾವು ಹೆಪಟೈಟಿಸ್ ಇ ಎನ್ನುವ ಬಗೆ ಎಂಬುದು ದಶಕಗಳ ತರುವಾಯ ತಿಳಿಯಿತು. ಅದಕ್ಕೆಂದು ಔಷಧಿಯೂ ಇರಲಿಲ್ಲ. ಆದರೂ ಆ 29 ಸಾವಿರ ಜನರಲ್ಲಿ ಬಹುತೇಕ ಎಲ್ಲರೂ ಬದುಕಿಕೊಂಡರು. ಆ ಚಳಿಗಾಲದಲ್ಲಿ ಯಾರಾದರೂ ದೆಹಲಿಯ ಮನೆಮನೆಗೂ ನೆಲನೆಲ್ಲಿಯ ಗುಳಿಗೆಯನ್ನು ಹಂಚಿದ್ದರೆ, ಇಂದಿಗೆ ಅದು 29 ಸಾವಿರ ಜನರನ್ನು ಉಳಿಸಿದ ಸಂಜೀವಿನಿಯೆಂದು ಮೆರೆಯುತ್ತಿತ್ತು. ಬೇವಿನ ಕಡ್ಡಿಯನ್ನು ಹಂಚಿದ್ದರೂ ಅಷ್ಟೇ. ಏನನ್ನೂ ಹಂಚದೆ ಮುಂಗೈಗೆ ಬರೆ ಹಾಕಿದ್ದರೂ ಅಷ್ಟೇ ಎಂದರೆ ನಿಮಗೆ ನಗು ಬರಬಹುದು. ನಮ್ಮ ಸೀಮೆಯಲ್ಲಿ ಕಾಮಣಿಗೆ ಬರೆ ಹಾಕಿಸಿಕೊಂಡು, ಗುಣವಾಯಿತೆಂದು ಆ ಕಲೆಯನ್ನು ಅಭಿಮಾನದಿಂದ ತೋರಿಸುವ ಹಿರಿಯರು ಇನ್ನೂ ಇರುವರು.

ಕಾಮಾಲೆಯು ಒಂದು ರೋಗವಲ್ಲ, ಅದೊಂದು ಲಕ್ಷಣ. ನೀರಿನಿಂದಲೂ ಅನ್ನದಿಂದಲೂ ಬರುವ ಎ ಮತ್ತು ಇ ಎಂಬ ಬಗೆಗಳು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿ ಇಳಿದುಹೋಗುತ್ತವೆ. ನಮ್ಮ ಹಳ್ಳಿಗಳ ಕಾಮಾಲೆಯಲ್ಲಿ ಬಹುಪಾಲು ಇವೇ. ನೆಲನೆಲ್ಲಿಗೆ ದೊರೆತ ಕೀರ್ತಿಯ ಬಹುಪಾಲೂ ಇವುಗಳಿಂದಲೇ ಬಂದದ್ದು. ಆದರೂ ಒಂದು ಅಪವಾದವನ್ನು ಹೇಳಲೇಬೇಕು. ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ ಇ ಬಗೆಯು ತಗಲಿದ ಹೆಂಗಸರಲ್ಲಿ ನೂರಕ್ಕೆ 20ರಿಂದ 25 ಮಂದಿಯವರೆಗೆ ಪ್ರಾಣಕ್ಕೆ ಎರವಾಗುವರೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸಿದೆ. ಬಸುರಿಯ ಕಣ್ಣು ಹಳದಿಯಾದರೆ ಮೂರು ದಿನ ಸೊಪ್ಪು ಕುಡಿಸಿ ನೋಡೋಣ ಎನ್ನುವ ಅತ್ತೆಯಂದಿರು ಈ ಒಂದು ಸಾಲನ್ನಾದರೂ ಓದಿಸಿಕೊಂಡು ಕೇಳಲಿ. ಆ ಮೂರು ದಿನಗಳು ಅವಳ ಬಳಿ ಇರುವುದಿಲ್ಲ.

ಇನ್ನು ಬಿ ಎಂಬ ಬಗೆ. ಇದು ರಕ್ತದಿಂದ, ಸಂಸರ್ಗದಿಂದ, ಎಲ್ಲಕ್ಕಿಂತ ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ಬರುವ ರೋಗ. ಬೆಳೆದವರಿಗೆ ತಗಲಿದರೆ ನೂರಕ್ಕೆ 95 ಮಂದಿ ತಾವಾಗಿ ಅದನ್ನು ನೀಗಿಕೊಳ್ಳುವರು. ಹುಟ್ಟುವಾಗಲೇ ತಗಲಿದ ಕೂಸುಗಳಲ್ಲಿ ನೂರಕ್ಕೆ 90ರಷ್ಟು ಜೀವನಪರ್ಯಂತ ಅದರ ವಾಹಕರಾಗುವರು. ಇದರ ವಿಚಿತ್ರವೇನೆಂದರೆ ಇಪ್ಪತ್ತು ಮೂವತ್ತು ವರ್ಷ ಕಣ್ಣು ಹಳದಿಯಾಗುವುದಿಲ್ಲ, ಹೊಟ್ಟೆ ನೋಯುವುದಿಲ್ಲ, ಹೊಲದ ಕೆಲಸ ನಿಲ್ಲುವುದಿಲ್ಲ. ಒಳಗೊಳಗೆ ಯಕೃತ್ತು ನಾರುಗಟ್ಟುತ್ತಾ ಹೋಗಿ ಒಂದು ದಿನ ಜಲೋದರವಾಗಿಯೋ ಅರ್ಬುದವಾಗಿಯೋ ಹೊರಬೀಳುತ್ತದೆ. ಭಾರತದಲ್ಲಿ ಇಂತಹ ವಾಹಕರ ಸಂಖ್ಯೆ 2022ರಲ್ಲಿ ಸುಮಾರು 3 ಕೋಟಿಯಷ್ಟಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಬಹು ಮಂದಿಗೆ ತಮ್ಮಲ್ಲಿ ಈ ರೋಗವಿದೆಯೆಂಬುದೇ ತಿಳಿಯದು. ಕರಪತ್ರದ ಮಾತು ಪ್ರಾಣಾಂತಿಕವಾಗುವುದು ಈ ಸ್ಥಳದಲ್ಲಿ.

ಹಾಗಾದರೆ ಆ ನೊಬೆಲ್ ವಿಜ್ಞಾನಿಯ ಕಥೆ ಕಟ್ಟುಕಥೆಯೆ? ಖಂಡಿತ ಅಲ್ಲ. ಅದನ್ನು ಅರ್ಧಕ್ಕೆ ನಿಲ್ಲಿಸಿದವರು ಕರಪತ್ರದವರು. ನಾನು ಪೂರ್ತಿ ಹೇಳುತ್ತೇನೆ.

ಬರೂಕ್ ಬ್ಲೂಂಬರ್ಗ್ ಎಂಬ ಮಹನೀಯರು ಹೆಪಟೈಟಿಸ್ ಬಿ ವೈರಾಣುವಿನ ಕುರುಹನ್ನು 1960ರ ದಶಕದಲ್ಲಿ ರಕ್ತದಲ್ಲಿ ಗುರುತಿಸಿದರು. ಅದಕ್ಕಾಗಿಯೇ 1976ರಲ್ಲಿ ಅವರಿಗೆ ನೊಬೆಲ್ ದೊರೆಯಿತು. ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಅರ್ಬುದ ಸಂಸ್ಥೆಯಲ್ಲಿ ಅವರೂ ಅವರ ಸಂಗಡಿಗರೂ ಬಗೆಬಗೆಯ ನಾಡುಗಳಲ್ಲಿ ಕಾಮಾಲೆಗೆ ಕೊಡುವ ಗಿಡಗಳನ್ನು ಶೋಧಿಸುತ್ತಾ ನಮ್ಮ ನೆಲನೆಲ್ಲಿಯ ಕುಲಕ್ಕೆ ಬಂದರು. ಅದರ ಸಾರವು ಗಾಜಿನ ನಳಿಕೆಯಲ್ಲಿ ವೈರಾಣುವಿನ ಬೆಳವಣಿಗೆಗೆ ಬೇಕಾದ ಕಿಣ್ವವನ್ನು ತಡೆಯಿತು. ವುಡ್‌ಚಕ್ ಎಂಬ ಅಳಿಲಿನ ಕುಲದ ಪ್ರಾಣಿಗಳಲ್ಲಿ, ಬಿ ವೈರಾಣುವಿನ ದಾಯಾದಿಯಾದ ಇನ್ನೊಂದು ವೈರಾಣುವನ್ನು ಇಳಿಸಿತು. ಇದು ಪ್ರಕಟವಾದುದು 1987ರಲ್ಲಿ. ಮರುವರ್ಷ, 1988ರಲ್ಲಿ, ಮದರಾಸಿನ ತ್ಯಾಗರಾಜನ್ ಮೊದಲಾದವರು ಬ್ಲೂಂಬರ್ಗರ ಜೊತೆಗೂಡಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಮನುಷ್ಯರ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಬಿ ವೈರಾಣುವಿನ ವಾಹಕರಿಗೆ 200 ಮಿಲಿಗ್ರಾಂ ಗಿಡದ ಪುಡಿಯನ್ನು ದಿನಕ್ಕೆ ಮೂರು ಸಲದಂತೆ 30 ದಿನ ಕೊಡಲಾಯಿತು. ಇನ್ನೊಂದು ಗುಂಪಿಗೆ ಔಷಧಿಯಿಲ್ಲದ ಹುಸಿ ಗುಳಿಗೆ. ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಕುರುಹು ಮಾಯವಾಯಿತು. ಹುಸಿ ಗುಳಿಗೆಯ 23 ಮಂದಿಯಲ್ಲಿ ಒಬ್ಬನಿಗೆ ಮಾತ್ರ.

ಇದೆಂತಹ ಫಲಿತಾಂಶವೆಂಬುದನ್ನು ಗ್ರಹಿಸಬೇಕಾದರೆ ಒಂದು ಮಾತು ತಿಳಿದಿರಬೇಕು. ಇಂದು ಕೊಡುವ ಉತ್ತಮ ಗುಳಿಗೆಗಳು ಕೂಡ ವೈರಾಣುವನ್ನು ಅದುಮಿ ಇಡುವುವೇ ಹೊರತು, ಆ ಕುರುಹನ್ನು ರಕ್ತದಿಂದ ಅಳಿಸುವುದು ತೀರ ವಿರಳ. ಹೀಗಿರುವಾಗ ಒಂದೇ ತಿಂಗಳ ಸೊಪ್ಪಿನ ಪುಡಿಯಿಂದ ನೂರಕ್ಕೆ 59 ಮಂದಿ! ಲೋಕವೇ ಬೆರಗಾಗಬೇಕಾದ ಸುದ್ದಿ. ಬೆರಗಾಯಿತು ಕೂಡ. ಬೆರಗಾದ ಲೋಕವು ಮಾಡಬೇಕಾದುದನ್ನೇ ಮಾಡಿತು: ತಾನೂ ಪರೀಕ್ಷಿಸಿ ನೋಡಿತು. ಥಾಯ್ಲೆಂಡಿನವರು 1990ರಲ್ಲಿ ಪ್ರಕಟಿಸಿದರು, ಫಲ ಕಾಣಲಿಲ್ಲ. ಹಾಲೆಂಡಿನವರು 1991ರಲ್ಲಿ, ಫಲವಿಲ್ಲ. ನ್ಯೂಜಿಲೆಂಡಿನವರು 1994ರಲ್ಲಿ, ಇಲ್ಲ. ಅದೇ 1994ರಲ್ಲಿ ನಮ್ಮ ದೇಶದ ವೈದ್ಯರೇ ನಮ್ಮ ರೋಗಿಗಳ ಮೇಲೆ ಮಾಡಿದ ಪರೀಕ್ಷೆಯಲ್ಲಿಯೂ ಇಲ್ಲ. 2011ರಲ್ಲಿ ಕಾಕ್ರೇನ್ ಎಂಬ ವಿಮರ್ಶಕ ಬಳಗವು ಅಲ್ಲಿಯವರೆಗಿನ 16 ಪರೀಕ್ಷೆಗಳನ್ನು ಒಟ್ಟುಗೂಡಿಸಿ ಜರಡಿ ಹಿಡಿಯಿತು. ಅವುಗಳಲ್ಲಿ ಹುಸಿ ಗುಳಿಗೆಯೊಡನೆ ಹೋಲಿಸಿ ನೋಡಿದ್ದು ಒಂದೇ ಒಂದು. ಅದರಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಮಿಕ್ಕವೆಲ್ಲ ಬೇರೆ ಔಷಧಿಯ ಜೊತೆಗೆ ಸೊಪ್ಪನ್ನೂ ಕೊಟ್ಟು ನೋಡಿದವು, ನಡೆಸಿದ ಕ್ರಮದಲ್ಲಿ ಲೋಪಗಳುಳ್ಳವು. ನಂಬತಕ್ಕ ಸಾಕ್ಷ್ಯವಿಲ್ಲವೆಂದು ಬಳಗವು ತೀರ್ಮಾನಿಸಿತು.

ಮೊದಲ ಪರೀಕ್ಷೆಯನ್ನು ಮಾಡಿದವರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ಅವರು ತಮಗೆ ಕಂಡುದನ್ನು ಬಯಲಿನಲ್ಲಿಟ್ಟರು, ಬೇರೆಯವರು ಅಳೆದು ನೋಡಲೆಂದು. ಅಳೆದು ನೋಡಿದಾಗ ತೂಕ ಬರಲಿಲ್ಲ. ವಿದ್ಯೆಯ ಕಾಯಕದಲ್ಲಿ ಇದು ಅವಮಾನವಲ್ಲ. ಅವಮಾನವಾಗಬೇಕಾದುದು ಮೊದಲ ಫಲಿತಾಂಶವನ್ನು ಮಾತ್ರ ಹಿಡಿದುಕೊಂಡು ತರುವಾಯದ ಮೂವತ್ತು ಚಿಲ್ಲರೆ ವರ್ಷಗಳನ್ನು ಬಚ್ಚಿಡುವವರಿಗೆ.

ನಳಿಕೆಯಲ್ಲಿ ಸತ್ತ ವೈರಾಣು ಮೈಯಲ್ಲಿ ಏಕೆ ಸಾಯಲಿಲ್ಲ ಎಂದು ಬುದ್ಧಿವಂತ ವಾಚಕರು ಕೇಳಬಹುದು. ಒಂದು ಕಾರಣವನ್ನು ನಮ್ಮ ಹರಳಯ್ಯನವರ ಕಾಯಕದಿಂದಲೇ ತಿಳಿಯಬಹುದು. ತೊಗಲನ್ನು ಹದಮಾಡುವವರು ತಂಗಡಿಯ ತೊಗಟೆಯ ನೀರಿನಲ್ಲಿ ಅದನ್ನು ನೆನೆಹಾಕುತ್ತಾರೆ. ತೊಗಟೆಯ ಚೊಗರು ತೊಗಲಿನ ಸಸಾರಜನಕಕ್ಕೆ ಗಟ್ಟಿಯಾಗಿ ಅಂಟಿಕೊಂಡು ಅದನ್ನು ಕೊಳೆಯದ ಚರ್ಮವಾಗಿಸುತ್ತದೆ. ನೆಲ್ಲಿಯ ಕುಲದ ಗಿಡಗಳಲ್ಲಿ ಇಂತಹ ಚೊಗರು ಯಥೇಚ್ಛವಾಗಿದೆ. ನಾಲಗೆಗೆ ತಗಲುವ ಒಗರು ಅದೇ. ಈ ಸಾರವನ್ನು ನಳಿಕೆಯಲ್ಲಿ ಯಾವ ಕಿಣ್ವದ ಮೇಲೆ ಸುರಿದರೂ ಅದನ್ನು ಹಿಡಿದು ಕೂರುತ್ತದೆ, ಏಕೆಂದರೆ ಕಿಣ್ವವೂ ಸಸಾರಜನಕವೇ. ನೋಡುವವರಿಗೆ ವೈರಾಣುವಿನ ಕಿಣ್ವ ನಿಂತಿತೆಂದು ತೋರುತ್ತದೆ. ಅದೇ ರಸವನ್ನು ಕುಡಿದರೆ ಹೊಟ್ಟೆಯಲ್ಲಿನ ಹಾಲು, ಅನ್ನ, ಕರುಳಿನ ಗೋಡೆ ಎಲ್ಲಕ್ಕೂ ಅಂಟಿ ಅಲ್ಲಿಯೇ ತೀರುತ್ತದೆ. ಯಕೃತ್ತಿನವರೆಗೆ ಹೋಗಿ ಮುಟ್ಟುವ ಪಾಲು ಅತ್ಯಲ್ಪ. ಆಡಿನ ಹಾಲಿನಲ್ಲಿ ಕದಡಿ ಕುಡಿಸಿದ ನಮ್ಮ ಅಜ್ಜಿಗೆ ಇದನ್ನು ಹೇಳಿದ್ದರೆ ಏನೆನ್ನುತ್ತಿದ್ದಳೋ! ಗಿಡಮೂಲಿಕೆಯ ಸಾರವು ಇಂತಿಂತಹ ವೈರಾಣುವನ್ನು ಪ್ರಯೋಗಾಲಯದಲ್ಲಿ ಕೊಂದಿತು ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ತಂಗಡಿಯ ತೊಗಟೆಯನ್ನು ನೆನೆಯಿರಿ. ಸಾಬೂನಿನ ನೀರೂ ನಳಿಕೆಯಲ್ಲಿ ಕೊಲ್ಲುತ್ತದೆ. ಅದನ್ನು ಯಾರೂ ಕುಡಿಯುವುದಿಲ್ಲ.

ಗಿಡದ ಗುರುತಿನ ತೊಡಕು ಬೇರೆಯೇ ಇದೆ. 1987ರ ಲೇಖನದಲ್ಲಿ ಫಿಲ್ಲಾಂಥಸ್ ನಿರೂರಿ ಎಂದಿದ್ದುದು 1988ರಲ್ಲಿ ಫಿಲ್ಲಾಂಥಸ್ ಅಮಾರಸ್ ಆಯಿತು. ನಮ್ಮ ಗದ್ದೆಯ ಬದುವಿನಲ್ಲಿ ಒಂದರಂತೆಯೇ ಕಾಣುವ ಈ ಕುಲದ ಗಿಡಗಳು ನಾಲ್ಕಾರು ಇವೆ. ಮಳೆಗಾಲದಲ್ಲಿ ಕಿತ್ತದ್ದು, ಬೇಸಿಗೆಯಲ್ಲಿ ಕಿತ್ತದ್ದು, ಕರಿಮಣ್ಣಿನದು, ಮಸಾರಿಯದು ಇವುಗಳ ಸತ್ವ ಒಂದೇ ಸಮನಾಗಿರುವುದಿಲ್ಲ. ಕರಪತ್ರದವರು ಯಾವ ಗಿಡವನ್ನು ಯಾವ ಅಳತೆಯಲ್ಲಿ ಎಂಬುದನ್ನು ಹೇಳಿಯೇ ಇಲ್ಲ. ಒಂದು ಹಿಡಿ ಎಂದಷ್ಟೇ ಇದೆ. ಯಾರ ಹಿಡಿ?

ಈ ಗೊಂದಲವು ಕೇವಲ ಪಂಡಿತರದಲ್ಲ. 2020ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ, ಕೊರೋನಾ ಮಹಾಮಾರಿಯ ಭಯದಲ್ಲಿ ಮನೆಮನೆಯಲ್ಲಿ ಅಮೃತಬಳ್ಳಿಯ ಕಷಾಯ ಕುದಿಯುತ್ತಿದ್ದ ಕಾಲಕ್ಕೆ, ಮುಂಬಯಿಯ ವೈದ್ಯರು ಆ ಕಷಾಯವನ್ನು ಸೇವಿಸುತ್ತಿದ್ದ 6 ಮಂದಿಯಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದುದನ್ನು ಕಂಡು 2021ರಲ್ಲಿ ವರದಿಮಾಡಿದರು. ಕೇಂದ್ರದ ಆಯುಷ್ ಸಚಿವಾಲಯವು ಇದನ್ನು ಒಪ್ಪದೆ, ಅವರು ಕುಡಿದುದು ನಿಜವಾದ ಅಮೃತಬಳ್ಳಿಯಾಗಿರದೆ ಅದನ್ನು ಹೋಲುವ ಬೇರೆ ಬಳ್ಳಿಯಾಗಿರಬಹುದು ಎಂದಿತು. ಯಾರ ಮಾತು ಸರಿಯೆಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಸಚಿವಾಲಯದ ಮಾತನ್ನೇ ಒಪ್ಪಿಕೊಂಡರೂ ಸಿಗುವ ಪಾಠವೇನು? ಸಂತೆಯಲ್ಲಿ ಕೊಂಡ ಬಳ್ಳಿ ಯಾವುದೆಂದು ಕೊಂಡವನಿಗೆ ತಿಳಿಯದು, ಮಾರಿದವನಿಗೂ ತಿಳಿಯದು.

ಪೇಟೆಂಟಿನ ಮಾತಿಗೆ ಬರೋಣ. ಫಾಕ್ಸ್ ಚೇಸ್ ಸಂಸ್ಥೆಯವರು ಪೇಟೆಂಟ್ ಪಡೆದುದು ನಿಜ. ನಮ್ಮ ಹಿತ್ತಲಿನ ಗಿಡದ ಮೇಲೆ ಅನ್ಯರ ಮುದ್ರೆ ಬಿದ್ದುದಕ್ಕೆ ನಮ್ಮವರಿಗೆ ಸಿಟ್ಟು ಬಂದುದೂ ಸಹಜವೇ. ಆದರೆ ಪೇಟೆಂಟ್ ಎಂಬುದು ಔಷಧಿ ಫಲಿಸುವುದೆಂಬ ಪ್ರಮಾಣಪತ್ರವಲ್ಲ. ಇದು ಹೊಸ ಯುಕ್ತಿ, ಬೇರೆಯವರು ನಕಲುಮಾಡಬಾರದು ಎಂಬ ಹಕ್ಕುಪತ್ರ ಅಷ್ಟೆ. ಕರಪತ್ರದವರ ತರ್ಕವನ್ನೇ ಹಿಡಿಯೋಣ: ವ್ಯಾಪಾರಿಗಳು ಹಣದ ಪಿಪಾಸುಗಳು. ಒಪ್ಪಿದೆ. ಅಂತಹ ಪಿಪಾಸುಗಳ ಕೈಗೆ, ಕೋಟ್ಯಂತರ ಜನರ ರೋಗವನ್ನು ಒಂದೇ ತಿಂಗಳಲ್ಲಿ ಕಳೆಯುವ ಪುಡಿಯು ಪೇಟೆಂಟಿನ ಸಮೇತ ದೊರೆತಿದ್ದರೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರೆ? ಲಸಿಕೆಯು ಪರದೇಶದವರ ಹೂಟವೆಂಬ ಇನ್ನೊಂದು ಆಕ್ಷೇಪಣೆಗೂ ಉತ್ತರವಿದೆ. ಹೆಪಟೈಟಿಸ್ ಬಿ ಲಸಿಕೆಯನ್ನು ಹೈದರಾಬಾದಿನಲ್ಲಿಯೇ ತಯಾರಿಸಿ 1997ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಬಡವನ ಮಗುವಿಗೂ ಅದು ಎಟುಕಿತು. 2011ರಿಂದ ದೇಶದಾದ್ಯಂತ ಸರ್ಕಾರವೇ ಅದನ್ನು ಉಚಿತವಾಗಿ ಕೊಡುತ್ತಿದೆ. ಉಚಿತವಾಗಿ ಕೊಡುವುದರಲ್ಲಿ ವ್ಯಾಪಾರ ಯಾವುದು?

ಇಷ್ಟು ಓದಿದಾಗ ನಮ್ಮ ವಿದ್ಯಾವಂತ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮುಗುಳ್ನಗುತ್ತಿರಬಹುದು: ಸೊಪ್ಪುಸದೆಗಳ ಕಾಲ ಮುಗಿಯಿತೆಂದು ನಾವು ಎಂದೋ ಹೇಳಿರಲಿಲ್ಲವೆ? ನಿಮಗೂ ಎರಡು ಮಾತುಗಳಿವೆ. ಚೀನಾದ ತು ಯೂಯೂ ಎಂಬ ಮಹಿಳೆ ಮಲೇರಿಯಾಕ್ಕೆ ಮದ್ದು ಹುಡುಕುತ್ತಾ, ನಾಲ್ಕನೆಯ ಶತಮಾನದ ವೈದ್ಯಗ್ರಂಥವೊಂದನ್ನು ತೆರೆದರು. ಗಿಡವನ್ನು ತಣ್ಣೀರಿನಲ್ಲಿ ನೆನೆಹಾಕಿ ಹಿಂಡಿ ರಸ ಕುಡಿಯಬೇಕೆಂದು ಅದರಲ್ಲಿತ್ತು. ಕುದಿಸಿದರೆ ಸತ್ವ ಕೆಡುತ್ತಿರಬಹುದೆಂದು ಆಕೆಗೆ ಹೊಳೆಯಿತು. ಕಡಿಮೆ ಶಾಖದಲ್ಲಿ ಸಾರ ತೆಗೆದರು, 1971ರಲ್ಲಿ ಇಲಿಗಳಲ್ಲಿ ಪೂರ್ಣ ಫಲ ಕಂಡರು, 1972ರಲ್ಲಿ ಮೊದಲು ತಾವೇ ಕುಡಿದು ನೋಡಿ ಬಳಿಕ ರೋಗಿಗಳಿಗೆ ಕೊಟ್ಟರು. 2015ರಲ್ಲಿ ನೊಬೆಲ್ ಬಂದಿತು. ಮಲೇರಿಯಾ ವೈರಾಣುವಿನ ರೋಗವಲ್ಲ, ನಿಜ. ಆದರೆ ಹಳೆಯ ಗ್ರಂಥದ ಒಂದು ಸಾಲನ್ನು ನಂಬಿಕೆಯಿಂದ ಎತ್ತಿಕೊಂಡು ಅಪನಂಬಿಕೆಯಿಂದ ಪರೀಕ್ಷಿಸುವುದೆಂದರೆ ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ವೈರಾಣುಗಳ ವಿಷಯದಲ್ಲಿ ಸಸ್ಯಲೋಕದ ಕೊಡುಗೆ ಇಷ್ಟು ದೊಡ್ಡದಲ್ಲ; ಅದನ್ನು ಒಪ್ಪಿಕೊಳ್ಳಬೇಕು. ಹಸಿರು ಚಹದ ಎಲೆಯ ಸಾರದಿಂದ ಮಾಡಿದ ಲೇಪವೊಂದಕ್ಕೆ, ವೈರಾಣುವಿನಿಂದ ಗುಹ್ಯಭಾಗದಲ್ಲಿ ಏಳುವ ನರುಲಿಗಳ ಚಿಕಿತ್ಸೆಗೆಂದು 2006ರಲ್ಲಿ ಅಮೆರಿಕವು ಒಪ್ಪಿಗೆಯಿತ್ತಿತು. ಅದೇ ನರುಲಿಗಳಿಗೆ ಪೊಡೊಫಿಲ್ಲಮ್ ಗಿಡದ ಬೇರಿನಿಂದ ದೊರೆಯುವ ವಸ್ತುವೂ ಉಂಟು. ಆ ಗಿಡದ ಒಂದು ಜಾತಿ ಹಿಮಾಲಯದಲ್ಲಿ ಬೆಳೆಯುತ್ತದೆ. ಎರಡೂ ಚರ್ಮದ ಮೇಲೆ ಹಚ್ಚುವಂಥವು ಎಂಬುದನ್ನು ಗಮನಿಸಿ; ಚೊಗರು ಹೊಟ್ಟೆಯನ್ನು ದಾಟಬೇಕಾದ ಪ್ರಮೇಯ ಅಲ್ಲಿಲ್ಲ. ಶೀತಜ್ವರದ ಒಂದು ಪ್ರಸಿದ್ಧ ಗುಳಿಗೆಯನ್ನು ನಮ್ಮ ಮಸಾಲೆಯ ಚಕ್ರಮೊಗ್ಗಿನಿಂದ ತೆಗೆದ ಆಮ್ಲದಿಂದ ತಯಾರಿಸುತ್ತಿದ್ದರು. 2005ರಲ್ಲಿ ಹಕ್ಕಿಜ್ವರದ ಭೀತಿ ಹಬ್ಬಿದಾಗ ಆ ಮೊಗ್ಗಿಗೆ ಲೋಕವೆಲ್ಲ ಬರ ಬಂದಿತು. ಆದರೆ ಆ ಆಮ್ಲಕ್ಕೆ ತಾನೇ ವೈರಾಣುವನ್ನು ಕೊಲ್ಲುವ ಶಕ್ತಿಯಿಲ್ಲ. ರಸಾಯನಶಾಸ್ತ್ರಜ್ಞರು ಅದನ್ನು ಹಲವು ಹಂತಗಳಲ್ಲಿ ಮಾರ್ಪಡಿಸಿದ ಮೇಲೆಯೇ ಔಷಧಿ. ಪಲಾವಿನಲ್ಲಿ ಚಕ್ರಮೊಗ್ಗು ಹಾಕಿಕೊಂಡು ತಿಂದವನಿಗೆ ಜ್ವರ ಬಿಡುವುದಿಲ್ಲ. ಹೀಗೆ ಗಿಡದಿಂದ ಗುಳಿಗೆಯವರೆಗಿನ ದಾರಿ ಉದ್ದವಾದುದು, ಆದರೆ ದಾರಿ ಇದೆ. ಅದರಲ್ಲಿ ನಡೆಯಲು ಬೇಕಾದ ವಿದ್ಯೆಯನ್ನು ಶ್ರೀಮಠದ ಅನ್ನವುಂಡು ಕಲಿತವರು ಸೊಪ್ಪನ್ನು ಕಂಡು ನಗುತ್ತಾ ಕೂತರೆ, ಕರಪತ್ರ ಅಚ್ಚುಹಾಕಿಸುವವರಿಗೆ ಊರೆಲ್ಲ ತೆರವಾಗುತ್ತದೆ.

ಇನ್ನೊಂದು ವಿಷಯ ನನ್ನ ಮನಸ್ಸನ್ನು ಬಹಳ ಕಾಲದಿಂದ ಕೊರೆಯುತ್ತಿದೆ. ನಮ್ಮಲ್ಲಿ ಕಾಮಾಲೆಯ ಮದ್ದು ಕೊಡುವ ಮನೆತನಗಳು ಅದರ ಗುಟ್ಟನ್ನು ಹೊರಗೆ ಬಿಡುವುದಿಲ್ಲ. ಹೇಳಿದರೆ ಔಷಧಿಯ ಗುಣ ಹೋಗುವುದೆನ್ನುತ್ತಾರೆ. ಸೋಮವಾರ ಮಾತ್ರ, ಸೂರ್ಯ ಹುಟ್ಟುವ ಮೊದಲು ಮಾತ್ರ, ಹಿಂದಿರುಗಿ ನೋಡಬಾರದು ಎಂಬ ಕಟ್ಟಳೆಗಳು ಬೇರೆ. ಇವರೆಲ್ಲ ಹಣ ಮುಟ್ಟದ ಸಜ್ಜನರೆಂಬುದನ್ನು ಬಲ್ಲೆ. ಆದರೆ ಶರಣರ ಮಾರ್ಗ ಯಾವುದು? ಅರಿವು ಕೆಲವರ ಬಾಯಲ್ಲಿ, ಕೆಲವರ ಭಾಷೆಯಲ್ಲಿ ಗುಟ್ಟಾಗಿ ಉಳಿಯಬಾರದೆಂದಲ್ಲವೆ ಅವರು ತಿಳಿಗನ್ನಡದಲ್ಲಿ ಮಾತನಾಡಿದುದು? ಅನುಭವ ಮಂಟಪದಲ್ಲಿ ಯಾರ ಮಾತನ್ನೂ ಪ್ರಶ್ನಿಸದೆ ಒಪ್ಪಿಕೊಳ್ಳಲಿಲ್ಲ. ಅಲ್ಲಮಪ್ರಭುಗಳ ಮುಂದೆ ಎಂತಹ ಹಿರಿಯರೂ ಪರೀಕ್ಷೆಗೆ ನಿಲ್ಲಬೇಕಾಯಿತು. ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯಕಾಯಕದವನಿದ್ದನು. ರೋಗ, ನಾಡಿ, ಮದ್ದುಗಳ ಮಾತನ್ನೇ ಎತ್ತಿಕೊಂಡು ವಚನ ರಚಿಸಿದನು. ಮುಹೂರ್ತ ಶಕುನಗಳನ್ನು ಧಿಕ್ಕರಿಸಿದವರ ವಂಶವೆಂದು ಹೇಳಿಕೊಳ್ಳುವ ನಾವು ಸೊಪ್ಪು ಕೀಳುವುದಕ್ಕೆ ಸೋಮವಾರವನ್ನು ಕಾಯುತ್ತಿದ್ದೇವೆ.

ಕಟುವಾಗಿ ಬರೆಯುತ್ತಿದ್ದೇನೆಂದು ಕೆಲವರಿಗೆ ನೋವಾದೀತು. ಕಾರಣವನ್ನೂ ಹೇಳಬೇಕಾಯಿತು. ಪ್ರಸಾದ ನಿಲಯದಲ್ಲಿ ನನ್ನ ಪಕ್ಕದ ಹಾಸಿಗೆಯವನಾಗಿದ್ದ ಗೆಳೆಯನೊಬ್ಬನು ಮುಂದೆ ಊರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದನು. ಒಂದು ಪುಣ್ಯಾರಾಧನೆಯ ದಿನ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟನು. ಕೆಲವು ದಿನಗಳ ಮೇಲೆ ಅವನಿಗೆ ಕರೆ ಬಂದಿತು. ರಕ್ತದಲ್ಲಿ ಬಿ ವೈರಾಣುವಿದೆ, ಬಂದು ಕಾಣಿರಿ ಎಂದು. ಅವನು ಹೋಗಲಿಲ್ಲ. ಒಬ್ಬರು ಕೊಡುವ ಸೊಪ್ಪನ್ನು ತಂದು ಮೂರು ಸೋಮವಾರ ಕುಡಿದನು. ಕಣ್ಣು ಬೆಳ್ಳಗೇ ಇದ್ದುದರಿಂದ ಗುಣವಾಯಿತೆಂದು ನಂಬಿದನು. ಅವನ ಕಣ್ಣು ಮೊದಲೂ ಬೆಳ್ಳಗೇ ಇತ್ತು. ವರ್ಷಕ್ಕೊಮ್ಮೆ ಶ್ರಾವಣದಲ್ಲಿ ಮತ್ತೆ ಮೂರು ಸೋಮವಾರ ಕುಡಿಯುತ್ತಾ ಒಂಬತ್ತು ವರ್ಷ ಕಳೆದನು. ಹೊಟ್ಟೆ ಉಬ್ಬಿ ಕಾಲು ಬಾತ ಮೇಲೆ ಮಕ್ಕಳು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಆಗ ನಾನು ನೋಡಲು ಹೋಗಿದ್ದೆ. ದಿನಕ್ಕೊಂದು ಗುಳಿಗೆಯಿಂದ ಇದನ್ನು ತಡೆಯಬಹುದಾಗಿತ್ತೆಂದು ಅಲ್ಲಿಯ ವೈದ್ಯರು ಹೇಳಿದರು. ಅವನು ಯಾರನ್ನೂ ದೂರಲಿಲ್ಲ. ಅವನ ಹಿರಿಯ ಮಗನ ರಕ್ತದಲ್ಲಿಯೂ ಅದೇ ಇದೆಯೆಂದು ಆಮೇಲೆ ತಿಳಿಯಿತು. ಆ ಹುಡುಗನು ಈಗ ಗುಳಿಗೆ ಸೇವಿಸುತ್ತಿದ್ದಾನೆ, ಚೆನ್ನಾಗಿದ್ದಾನೆ.

ಆದುದರಿಂದ ವಾಚಕರೆ, ನಿಮ್ಮಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ನೆಲನೆಲ್ಲಿಯನ್ನು ಕುಡಿಯಬೇಕೆಂದು ಮನಸ್ಸಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಿ, ರಕ್ತಪರೀಕ್ಷೆ ಮಾಡಿಸಿದ ಮೇಲೆ ಕುಡಿಯಿರಿ. ಕಾಮಾಲೆ ಯಾವ ಬಗೆಯದೆಂದು ತಿಳಿಯುವ ಮೊದಲು ಬೇಡ. ಮನೆಯಲ್ಲಿ ಬಸುರಿಯಿದ್ದರೆ ಹೆರಿಗೆಗೆ ಮೊದಲೇ ಆಕೆಯ ರಕ್ತವನ್ನು ಈ ವೈರಾಣುವಿಗಾಗಿ ಪರೀಕ್ಷಿಸಿರಿ. ಹುಟ್ಟಿದ ಕೂಸಿಗೆ 24 ಗಂಟೆಗಳ ಒಳಗೆ ಲಸಿಕೆಯ ಮೊದಲ ಪಾಲು ಬೀಳಬೇಕು. ಬಳಿಕ 6, 10, 14ನೆಯ ವಾರಗಳಲ್ಲಿ ಉಳಿದವು. 2018ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆಗೂ ಔಷಧಿಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ವ್ಯವಸ್ಥೆಯಿದೆ. ರಕ್ತದಾನದ ತರುವಾಯ ಬರುವ ಕರೆಯನ್ನು ಉಪೇಕ್ಷಿಸಬೇಡಿರಿ.

ಶ್ರೀಮಠದ ಹಿರಿಯರಲ್ಲಿಯೂ ಒಂದು ಬಿನ್ನಹ. ಮುಂದಿನ ಜಾತ್ರೆಯಲ್ಲಿ ಮಠದ ಆವರಣದೊಳಗೆ ಔಷಧಿಯ ಕರಪತ್ರ ಹಂಚಬೇಕಾದರೆ ಅದನ್ನು ಮೊದಲು ವೈದ್ಯರಾದ ಭಕ್ತರಿಬ್ಬರು ಓದಿ ರುಜು ಹಾಕಬೇಕೆಂದು ಕಟ್ಟುಮಾಡಿರಿ. ದಾಸೋಹ ಮಂದಿರದ ಪಕ್ಕದ ಹಜಾರದಲ್ಲಿ, ನೇತ್ರ ತಪಾಸಣೆಗೆ ಪ್ರತಿವರ್ಷ ಹಾಕುವ ಮೇಜುಗಳ ಸಾಲಿನಲ್ಲಿಯೇ, ಈ ರೋಗದ ರಕ್ತಪರೀಕ್ಷೆಗೂ ಒಂದು ಮೇಜು ಹಾಕಿಸಿರಿ. ಅದರಲ್ಲಿ ಕುಳಿತುಕೊಳ್ಳಲು ಸಿದ್ಧರಿರುವ ವೈದ್ಯರು, ಪ್ರಯೋಗಾಲಯದ ಕೆಲಸ ಬಲ್ಲವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಇಲ್ಲ! ಅವರು ಪೌರ್ಣಿಮೆಯ ಒಳಗೆ ಶ್ರೀಮಠದ ಕಾರ್ಯಾಲಯಕ್ಕೆ ತಮ್ಮ ಹೆಸರು, ಊರುಗಳನ್ನು ಬರೆದು ಕಳುಹಿಸಲಿ. ಮೇಜು ಹೊರುವುದಕ್ಕೂ ಚೀಟಿ ಬರೆಯುವುದಕ್ಕೂ ನಾನು ಬರುತ್ತೇನೆ.